ಬೆಂಗಳೂರಿನ ಕೋಟೆಯನ್ನು ಕಟ್ಟಿಸಿದ ಕೆಂಪೇಗೌಡನು

ವಿಜಯನಗರದ ಅರಸರಿಗೆ ಅಧೀನರಾಗಿ ಯಲಹಂಕ ನಾಡನ್ನು ಆಳುತ್ತಿದ್ದ ಪ್ರಭುಗಳ ವಂಶದಲ್ಲಿ, ಕೆಂಪನಂಜೇಗೌಡನ ಮಗನಾಗಿ ಹಿರಿಯ ಕೆಂಪೇಗೌಡನು ಜನಿಸಿದನು. ವೈಭವದ ವಿಜಯನಗರವನ್ನು ಕಂಡುಬಂದ ಈತನಿಗೆ, ತನ್ನ ನಾಡಿನಲ್ಲಿಯೂ ಕೋಟೆಕೊತ್ತಲಗಳುಳ್ಳ ಪಟ್ಟಣವೊಂದು ಇರಬೇಕೆಂಬ ಹಂಬಲ ಹುಟ್ಟಿತು. ಅಚ್ಯುತದೇವರಾಯನ ಅಪ್ಪಣೆಯನ್ನು ಪಡೆದು 1537ರಲ್ಲಿ ಬೆಂಗಳೂರಿನ ಮಣ್ಣಿನ ಕೋಟೆಗೆ ಅಸ್ತಿಭಾರ ಹಾಕಿಸಿದನು.

ದೊಡ್ಡಪೇಟೆ ಚಿಕ್ಕಪೇಟೆಗಳು ಕೂಡುವ ಚೌಕದಲ್ಲಿ ನಾಲ್ಕು ನೇಗಿಲುಗಳಿಗೆ ಬಿಳಿಯ ಎತ್ತುಗಳನ್ನು ಹೂಡಿಸಿ, ನಾಲ್ಕು ದಿಕ್ಕಿಗೂ ಹೊಡೆಸಿದನೆಂದೂ, ನೇಗಿಲ ಸಾಲುಗಳೇ ಬೀದಿಗಳಾಗಿ, ಎತ್ತುಗಳು ನಿಂತೆಡೆಯಲ್ಲಿ ಹೆಬ್ಬಾಗಿಲುಗಳೆದ್ದುವೆಂದೂ ಪ್ರತೀತಿ. ಹಲಸೂರು, ಯಲಹಂಕ, ಆನೇಕಲ್ಲು, ಕೆಂಗೇರಿ, ಹೀಗೆ ದಾರಿ ಹೋಗುವ ಊರಿನ ಹೆಸರೇ ಬಾಗಿಲಿಗೂ ಬಂದಿತು.

ಗೋಡೆಯೆದ್ದ ಮಾತ್ರಕ್ಕೆ ಊರಾಗದೆಂಬುದನ್ನು ಗೌಡನು ಬಲ್ಲವನಾಗಿದ್ದನು. ಕೋಟೆಯೊಳಗೆ ವರ್ತಕರನ್ನೂ ಕಸುಬುದಾರರನ್ನೂ ಕರೆತಂದು ನೆಲೆಗೊಳಿಸಿದನು. ಅಕ್ಕಿಪೇಟೆ, ಅರಳೇಪೇಟೆ, ಬಳೇಪೇಟೆ, ಕುಂಬಾರಪೇಟೆ ಎಂಬ ಹೆಸರುಗಳು ಇಂದಿಗೂ ಬದುಕಿವೆ. ಬಹುಕಾಲ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ನನ್ನಂಥವನಿಗೆ, ಕೋಟೆಗಿಂತ ಈ ಪೇಟೆಗಳೇ ಆತನ ದೊಡ್ಡ ಕೆಲಸವೆಂದು ತೋರುತ್ತದೆ. ಗಿರಾಕಿಯೇ ಬಾರದ ಊರಿನಲ್ಲಿ ಕೋಟೆ ಕಾಯುವುದಾದರೂ ಏನನ್ನು? ನೀರಿಗಾಗಿ ಧರ್ಮಾಂಬುಧಿ, ಕೆಂಪಾಂಬುಧಿ ಮೊದಲಾದ ಕೆರೆಗಳನ್ನು ಕಟ್ಟಿಸಿದನು.

ಆದರೆ ಕೋಟೆಯ ಕಥೆಯಲ್ಲಿ ಎದೆ ಕಲಕುವ ಸಂಗತಿಯೊಂದುಂಟು. ದಕ್ಷಿಣದ ಹೆಬ್ಬಾಗಿಲು ಹಗಲು ಕಟ್ಟಿದರೆ ಇರುಳು ಬೀಳುತ್ತಿತ್ತಂತೆ. ಗರ್ಭಿಣಿಯ ಬಲಿಯಾಗಬೇಕೆಂಬ ಮಾತು ಹುಟ್ಟಿತು. ಗೌಡನು ಅದಕ್ಕೊಪ್ಪಲಿಲ್ಲ. ಸೊಸೆ ಲಕ್ಷ್ಮಮ್ಮನು, ತುಂಬು ಬಸುರಿ, ಯಾರಿಗೂ ಹೇಳದೆ ನಡುರಾತ್ರಿಯಲ್ಲಿ ಹೋಗಿ ಅಲ್ಲಿ ಪ್ರಾಣಾರ್ಪಣೆ ಮಾಡಿದಳು. ಇದು ಜನರ ಬಾಯಲ್ಲಿ ಉಳಿದ ಕಥೆ. ನಂಬುವುದೂ ಬಿಡುವುದೂ ವಾಚಕರಿಗೆ ಸೇರಿದುದು. ಆದರೂ ಕೋರಮಂಗಲದಲ್ಲಿ ಆಕೆಗೊಂದು ಗುಡಿಯಿದೆ. ಕಟ್ಟಿಸಿದವನ ಹೆಸರಿನೊಡನೆ ಆಕೆಯ ಹೆಸರನ್ನೂ ಜನರು ಬಿಡದೆ ಹೇಳುತ್ತ ಬಂದಿರುವುದು ನ್ಯಾಯವೇ ಸರಿ.

ಗೌಡನಿಗೂ ಕಷ್ಟ ತಪ್ಪಲಿಲ್ಲ. ಅಪ್ಪಣೆಯಿಲ್ಲದೆ ತನ್ನದೇ ನಾಣ್ಯ ಟಂಕಿಸಿದನೆಂಬ ಅಪರಾಧಕ್ಕಾಗಿ ಆನೆಗೊಂದಿಯ ಸೆರೆಯಲ್ಲಿ ಐದು ವರ್ಷ ಕಳೆದನೆಂದು ಹೇಳುತ್ತಾರೆ. ಬಿಡುಗಡೆಯಾಗಿ ಬಂದು ಮತ್ತೆ ನಾಡನ್ನಾಳಿ 1569ರಲ್ಲಿ ತೀರಿಕೊಂಡನು. ಶಿವಗಂಗೆಯ ದೇವಾಲಯದಲ್ಲಿ ಆತನ ಲೋಹದ ಪ್ರತಿಮೆಯಿದೆ.

1638ರಲ್ಲಿ ಊರು ಬಿಜಾಪುರದವರ ಕೈಸೇರಿತು. 1761ರಲ್ಲಿ ಹೈದರಾಲಿಯು ದಕ್ಷಿಣದ ಕೋಟೆಯನ್ನು ಕಲ್ಲಿನಿಂದ ಕಟ್ಟಿಸಲು ತೊಡಗಿದನು. ಪೇಟೆಯ ಸುತ್ತಲಿನ ಕಂದಕವೂ ಮುಳ್ಳುಬೇಲಿಯೂ ಮಾತ್ರ ಹಾಗೆಯೇ ಇದ್ದುವು. 1791ರ ಮಾರ್ಚಿ 7ರಂದು ಕಾರ್ನ್‌ವಾಲಿಸನ ಸೈನ್ಯವು ಹಲಸೂರು ಬಾಗಿಲನ್ನು ಮುರಿದು ಒಳನುಗ್ಗಿತು. ಆ ಕಾದಾಟದಲ್ಲಿ ಇಂಗ್ಲಿಷರ ಕರ್ನಲ್ ಮೂರ್‌ಹೌಸನು ಮಡಿದನು. ಮುಂದಿನ ಶತಮಾನದಲ್ಲಿ ಪೇಟೆಯ ಗೋಡೆಯನ್ನು ಕೆಡವಿ ಕಂದಕವನ್ನು ಮುಚ್ಚಿದರು. ಬಾಗಿಲಿಲ್ಲದ ಜಾಗವನ್ನು ಜನರು ಇನ್ನೂ ಹಲಸೂರು ಗೇಟ್ ಎಂದೇ ಕರೆಯುತ್ತಾರೆ. ರಜೆಯಲ್ಲಿ ಊರಿಗೆ ಹೊರಟ ನಮ್ಮವರು ಬೆಂಗಳೂರಿನ ದೊಡ್ಡ ಬಸ್ ನಿಲ್ದಾಣದಲ್ಲಿ ಗಂಟುಮೂಟೆ ಇಳಿಸುವ ನೆಲ, ಆತನು ಕಟ್ಟಿಸಿದ ಧರ್ಮಾಂಬುಧಿ ಕೆರೆಯ ಅಂಗಳ.