ಭಯದ ದಿನಗಳಲ್ಲಿ ಅಭಯ ಕಂಡ ಪಂಡಿತಾ ರಮಾಬಾಯಿ

ಕ್ಷಾಮ, ಸಾಂಕ್ರಾಮಿಕ ರೋಗ, ಆಪ್ತರ ಅಗಲಿಕೆ ಮುಂತಾದ ವಿಪತ್ತುಗಳು ಎದುರಾದಾಗ ಮನುಷ್ಯನು ಆಸರೆಯನ್ನು ಅರಸುವುದು ಸಹಜ. ಕೆಲವರಿಗೆ ಅದು ಬಂಧುಬಳಗದಲ್ಲಿ, ಕೆಲವರಿಗೆ ವಿದ್ಯೆಯಲ್ಲಿ, ಮತ್ತೆ ಕೆಲವರಿಗೆ ದೈವಶ್ರದ್ಧೆಯಲ್ಲಿ ದೊರೆಯುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂತಹ ಆಸರೆಗಳನ್ನು ಒಂದೊಂದಾಗಿ ಕಳೆದುಕೊಂಡು, ಕೊನೆಗೆ ಕ್ರೈಸ್ತ ಶ್ರದ್ಧೆಯಲ್ಲಿ ನೆಮ್ಮದಿಯನ್ನು ಕಂಡುಕೊಂಡವರು ಪಂಡಿತಾ ರಮಾಬಾಯಿ. ಆ ನೆಮ್ಮದಿಯನ್ನು ಅವರು ತಮಗಷ್ಟೇ ಇಟ್ಟುಕೊಳ್ಳದೆ ನೂರಾರು ಅನಾಥ ಸ್ತ್ರೀಯರಿಗೆ ಸೂರನ್ನಾಗಿ ಮಾಡಿದರು. ಮಹಾರಾಷ್ಟ್ರದ ಸಮಾಜ ಸುಧಾರಣೆಯ ಚರಿತ್ರೆಯಲ್ಲಿ ಅವರ ಹೆಸರು ಸುಪರಿಚಿತ. ಆದರೆ ಅವರು ಹುಟ್ಟಿದ್ದು ಕನ್ನಡ ನೆಲದಲ್ಲಿ ಎಂಬುದು ಮುಂಬಯಿ, ಪುಣೆಗಳಲ್ಲಿ ನೆಲೆಸಿರುವ ನಮ್ಮಲ್ಲಿ ಹಲವರಿಗೆ ತಿಳಿದಿರಲಾರದು.

ರಮಾಬಾಯಿಯವರ ತಂದೆ ಅನಂತ ಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಸಮೀಪದ ಮಾಳ ಗ್ರಾಮದ ಚಿತ್ಪಾವನ ಬ್ರಾಹ್ಮಣ ಮನೆತನದವರು. ಸ್ತ್ರೀಯರೂ ಸಂಸ್ಕೃತ ಕಲಿಯಬೇಕೆಂಬುದು ಅವರ ದೃಢ ನಿಲುವು. ಅದರಂತೆ ಪತ್ನಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಲು ಆರಂಭಿಸಿದಾಗ ಸ್ವಜನರ ವಿರೋಧವನ್ನು ಎದುರಿಸಬೇಕಾಯಿತು. ಶಾಸ್ತ್ರಿಗಳು ಊರನ್ನು ತೊರೆದು ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಆಶ್ರಮ ಕಟ್ಟಿ ನೆಲೆಸಿದರು. ತುಂಗೆ, ಭದ್ರೆ, ನೇತ್ರಾವತಿಯರ ಉಗಮಸ್ಥಾನವೆಂದು ಪ್ರಸಿದ್ಧವಾದ ಆ ತಾಣದಲ್ಲಿ 1858ರ ಏಪ್ರಿಲ್ 23ರಂದು ರಮಾ ಜನಿಸಿದರು.

ಮಗು ಇನ್ನೂ ಹಸುಗೂಸಾಗಿರುವಾಗಲೇ ಕುಟುಂಬವು ಆಶ್ರಮವನ್ನು ಬಿಟ್ಟು ತೀರ್ಥಯಾತ್ರೆಗೆ ಹೊರಟಿತು. ಊರಿಂದೂರಿಗೆ ಸಾಗಿ ದೇವಾಲಯಗಳಲ್ಲಿ, ನದೀತೀರಗಳಲ್ಲಿ ಪುರಾಣ ಪ್ರವಚನ ಮಾಡಿ, ಶ್ರೋತೃಗಳು ಕೊಟ್ಟ ಕಾಣಿಕೆಯಿಂದ ಜೀವನ ಸಾಗಿಸುವುದೇ ಅವರ ಪರಿಪಾಠವಾಯಿತು. ರಮಾಬಾಯಿಗೆ ವಿದ್ಯಾಗುರು ತಾಯಿಯೇ. ಹದಿಹರೆಯದಲ್ಲಿಯೇ ಅವರು ಭಾಗವತದ ಸಾವಿರಾರು ಶ್ಲೋಕಗಳನ್ನು ಕಂಠಪಾಠ ಮಾಡಿದ್ದರು. ಸಂಚಾರದ ಫಲವಾಗಿ ಮರಾಠಿ, ಕನ್ನಡ, ಹಿಂದೂಸ್ತಾನಿ ಭಾಷೆಗಳು ಅವರಿಗೆ ಒಲಿದಿದ್ದವು.

1870ರ ದಶಕದಲ್ಲಿ ದಕ್ಷಿಣ ಭಾರತವನ್ನು ಆವರಿಸಿದ ಭೀಕರ ಕ್ಷಾಮವು ಈ ಕುಟುಂಬವನ್ನು ನುಚ್ಚುನೂರು ಮಾಡಿತು. ಪುರಾಣ ಕೇಳುವವರಿಲ್ಲ, ಕಾಣಿಕೆ ಕೊಡುವವರಿಲ್ಲ. ಕೂಲಿ ಮಾಡಿ ಬದುಕುವ ವಿದ್ಯೆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಭಿಕ್ಷೆ ಬೇಡಲು ಅಭಿಮಾನ ಬಿಡಲಿಲ್ಲ. ಉಳಿದ ಹಣವನ್ನು ದಾನಧರ್ಮ, ವ್ರತ, ಜಪಗಳಿಗೆ ವ್ಯಯಿಸಿ ದೈವಕೃಪೆಗಾಗಿ ಕಾದರು. ಕೊನೆಗೆ ಕಾಡಿನ ಎಲೆಗಳನ್ನು ತಿಂದು ದಿನ ಕಳೆಯುವ ಸ್ಥಿತಿ ಬಂದಿತು. ವೃದ್ಧ ತಂದೆ ಮಗಳನ್ನು ಹತ್ತಿರಕ್ಕೆ ಕರೆದು, ಆಕೆಯನ್ನು ದೇವರ ಕೈಗೆ ಒಪ್ಪಿಸಿರುವುದಾಗಿಯೂ ಆತನನ್ನೇ ಸೇವಿಸಬೇಕೆಂದೂ ಹೇಳಿ ಕಣ್ಣು ಮುಚ್ಚಿದರು.

ತಂದೆಯ ಹಿಂದೆಯೇ ತಾಯಿ ಹಾಸಿಗೆ ಹಿಡಿದರು. ಅವರಿಗಾಗಿ ಒಂದು ತುಂಡು ಸಜ್ಜೆ ರೊಟ್ಟಿ ಕೇಳಲು ರಮಾ ಪಕ್ಕದ ಮನೆಯ ಬಾಗಿಲಲ್ಲಿ ನಿಂತರು. ಬಾಯಿಂದ ಮಾತೇ ಹೊರಡಲಿಲ್ಲ. ಕಣ್ಣೀರನ್ನು ಕಂಡ ಮನೆಯಾಕೆಯೇ ಅರಿತು ರೊಟ್ಟಿ ಕೊಟ್ಟರು. ಅದನ್ನು ತಿನ್ನುವ ಶಕ್ತಿ ತಾಯಿಗೆ ಉಳಿದಿರಲಿಲ್ಲ. ಶವ ಹೊರಲು ಸಾಕಷ್ಟು ಜನ ದೊರೆಯದೆ ಮಗಳೇ ಹೆಗಲು ಕೊಡಬೇಕಾಯಿತು. ಗಿಡ್ಡ ದೇಹದ ರಮಾಬಾಯಿ ಚಟ್ಟದ ತಮ್ಮ ಭಾಗವನ್ನು ತಲೆಯ ಮೇಲೆ ಹೊತ್ತು ಸ್ಮಶಾನಕ್ಕೆ ನಡೆದರು. ಸ್ವಲ್ಪ ಕಾಲದಲ್ಲಿಯೇ ಅಕ್ಕನೂ ತೀರಿಕೊಂಡರು.

ಉಳಿದವರು ಅಣ್ಣ ಶ್ರೀನಿವಾಸ ಮತ್ತು ತಂಗಿ ರಮಾ. ಇಬ್ಬರೂ ಸಾವಿರಾರು ಮೈಲಿ ಕಾಲ್ನಡಿಗೆಯಲ್ಲಿ ಉತ್ತರ ಭಾರತವನ್ನೆಲ್ಲ ಸುತ್ತಿದರು. ಪಂಜಾಬಿನ ಕೊರೆಯುವ ಚಳಿಯಲ್ಲಿ ಹೊದೆಯಲು ಬಟ್ಟೆಯಿಲ್ಲದೆ ಝೇಲಂ ನದಿಯ ದಡದಲ್ಲಿ ಗುಂಡಿ ತೋಡಿ, ತಲೆಯೊಂದನ್ನು ಬಿಟ್ಟು ಮೈಮೇಲೆಲ್ಲ ಒಣಮರಳನ್ನು ಎಳೆದುಕೊಂಡು ಮಲಗಿದ್ದುಂಟು. ದೇಹದ ಹಸಿವಿನೊಂದಿಗೆ ಮನಸ್ಸಿನ ಶಂಕೆಯೂ ಬೆಳೆಯಿತು. ಇಷ್ಟೊಂದು ವ್ರತನಿಯಮಗಳನ್ನು ಪಾಲಿಸಿದ ತಂದೆತಾಯಿಯರಿಗೆ ಇಂತಹ ಅಂತ್ಯವೇಕೆ ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ.

1878ರಲ್ಲಿ ಕಲ್ಕತ್ತೆಯನ್ನು ಸೇರಿದ ಇಪ್ಪತ್ತರ ತರುಣಿಯ ಸಂಸ್ಕೃತ ಪಾಂಡಿತ್ಯವು ಅಲ್ಲಿನ ವಿದ್ವಾಂಸರನ್ನು ಬೆರಗುಗೊಳಿಸಿತು. ಪಂಡಿತಾ ಹಾಗೂ ಸರಸ್ವತಿ ಎಂಬ ಬಿರುದುಗಳು ಸಂದವು. ಶಾಸ್ತ್ರಗ್ರಂಥಗಳನ್ನು ಆಳವಾಗಿ ಓದಿದಂತೆ, ಅವುಗಳಲ್ಲಿ ಸ್ತ್ರೀಯರಿಗೆ ಸ್ವತಂತ್ರವಾದ ಮೋಕ್ಷಮಾರ್ಗವಿಲ್ಲವೆಂದು ಅವರಿಗೆ ತೋರಿ, ಹಳೆಯ ಶ್ರದ್ಧೆ ಸಡಿಲವಾಯಿತು. 1880ರಲ್ಲಿ ಅಣ್ಣನೂ ಢಾಕಾದಲ್ಲಿ ಅಸುನೀಗಿದನು. ಅದೇ ವರ್ಷ ಬಂಗಾಳದ ವಕೀಲ ಬಿಪಿನ್ ಬಿಹಾರಿ ದಾಸ್ ಮೇಧಾವಿಯವರನ್ನು ಜಾತಿಯ ಎಲ್ಲೆ ಮೀರಿ ವಿವಾಹವಾಗಿ ಅಸ್ಸಾಮಿನ ಸಿಲ್ಚಾರಿನಲ್ಲಿ ಸಂಸಾರ ಹೂಡಿದರು. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. ಬಂಗಾಳಿ ಭಾಷೆಯ ಲೂಕನ ಸುವಾರ್ತೆಯ ಪ್ರತಿಯೊಂದು ಅವರ ಕೈಗೆ ದೊರೆತದ್ದು ಸಿಲ್ಚಾರಿನಲ್ಲಿಯೇ. ಆದರೆ 1882ರ ಫೆಬ್ರವರಿಯಲ್ಲಿ ಕಾಲರಾ ಬೇನೆಗೆ ಪತಿಯೂ ಬಲಿಯಾದರು. ಇಪ್ಪತ್ತಮೂರರ ವಿಧವೆ, ಕಂಕುಳಲ್ಲಿ ವರ್ಷ ತುಂಬದ ಕೂಸು.

ಪುಣೆಗೆ ಬಂದ ರಮಾಬಾಯಿ ಅದೇ ವರ್ಷ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಹಂಟರ್ ಶಿಕ್ಷಣ ಆಯೋಗದ ಮುಂದೆ ಸಾಕ್ಷ್ಯ ನುಡಿದು, ಸ್ತ್ರೀಯರಿಗೆ ಶಿಕ್ಷಕಿಯರೂ ವೈದ್ಯೆಯರೂ ಬೇಕೆಂದು ಪ್ರತಿಪಾದಿಸಿದರು. ಸ್ವತಃ ವೈದ್ಯಕೀಯ ಕಲಿಯುವ ಹಂಬಲದಿಂದ 1883ರಲ್ಲಿ ಇಂಗ್ಲೆಂಡಿಗೆ ತೆರಳಿ ವಾಂಟೇಜ್ ಪಟ್ಟಣದ ಕ್ರೈಸ್ತ ಸಂನ್ಯಾಸಿನಿಯರ ಆಶ್ರಮದಲ್ಲಿ ಉಳಿದರು. ಕಿವಿ ಮಂದವಾಗಿದ್ದ ಕಾರಣ ವೈದ್ಯಕೀಯ ಕೈತಪ್ಪಿತು. ಜತೆಗೆ ಬಂದಿದ್ದ ಗೆಳತಿ ಆನಂದೀಬಾಯಿ ಭಗತ್ ಅಲ್ಲಿಯೇ ಪ್ರಾಣ ಕಳೆದುಕೊಂಡದ್ದು ಮತ್ತೊಂದು ಆಘಾತ.

ಈ ದಿನಗಳಲ್ಲಿಯೇ ಅವರ ಮನಸ್ಸು ಕ್ರಿಸ್ತನತ್ತ ಹೊರಳಿತು. ಸಮಾಜವು ಪತಿತೆಯರೆಂದು ದೂರವಿಟ್ಟ ಹೆಂಗಸರನ್ನು ಲಂಡನ್ನಿನಲ್ಲಿ ಆ ಸಂನ್ಯಾಸಿನಿಯರು ಅಕ್ಕರೆಯಿಂದ ಆರೈಕೆ ಮಾಡುವುದನ್ನು ರಮಾಬಾಯಿ ಕಂಡರು. ಅದಕ್ಕೆ ಪ್ರೇರಣೆಯೇನೆಂದು ವಿಚಾರಿಸಿದಾಗ, ಬಾವಿಯ ಬಳಿ ಸಮಾರ್ಯದ ಹೆಂಗಸಿನೊಡನೆ ಯೇಸು ಮಾತನಾಡಿದ ಪ್ರಸಂಗವನ್ನು ಅವರಿಗೆ ಓದಿ ತೋರಿಸಲಾಯಿತು. ಯಾರೂ ಬೇಡವೆಂದ ಸ್ತ್ರೀಯನ್ನು ಹತ್ತಿರಕ್ಕೆ ಸೇರಿಸಿಕೊಳ್ಳುವ ದೇವರು ಅವರಿಗೆ ಅಲ್ಲಿ ಗೋಚರಿಸಿದನು. 1883ರ ಸೆಪ್ಟೆಂಬರ್ 29ರಂದು ತಾಯಿ ಮಗಳಿಬ್ಬರೂ ದೀಕ್ಷಾಸ್ನಾನ ಪಡೆದರು.

ಇಲ್ಲಿ ಒಂದು ಸಂಗತಿಯನ್ನು ನಾವು ಗಮನಿಸಬೇಕು. ಮತಾಂತರವಾದ ಮಾತ್ರಕ್ಕೆ ರಮಾಬಾಯಿಗೆ ಶಾಂತಿ ದೊರೆಯಲಿಲ್ಲ. ಅವರು ಬುದ್ಧಿಯನ್ನು ಒತ್ತೆಯಿಡಲೂ ಇಲ್ಲ. ಧರ್ಮಾಧಿಕಾರಿಗಳ ಅಪ್ಪಣೆಯನ್ನು ಕಣ್ಣುಮುಚ್ಚಿ ಒಪ್ಪಲಾರೆನೆಂದು ವಾಂಟೇಜಿನ ಹಿರಿಯರೊಡನೆ ಪತ್ರಗಳಲ್ಲಿ ವರ್ಷಗಟ್ಟಲೆ ವಾದಿಸಿದರು. ಕ್ರೈಸ್ತರಾದ ಮೇಲೂ ಸಸ್ಯಾಹಾರವನ್ನಾಗಲಿ, ಬಿಳಿಯ ಸೀರೆಯನ್ನಾಗಲಿ ಬಿಡಲಿಲ್ಲ. ಧರ್ಮವನ್ನು ಬುದ್ಧಿಯಿಂದ ಒಪ್ಪಿದ್ದ ತಮಗೆ ಅಂತರಂಗದ ನೆಮ್ಮದಿ ಲಭಿಸಿದ್ದು ಸುಮಾರು ಎಂಟು ವರ್ಷಗಳ ನಂತರ, 1891ರ ವೇಳೆಗೆ ಎಂದು ಅವರೇ ಮುಂದೆ ನಿವೇದಿಸಿಕೊಂಡಿದ್ದಾರೆ. ತನ್ನ ಪುಣ್ಯಕಾರ್ಯಗಳ ಲೆಕ್ಕ ಒಪ್ಪಿಸದೆಯೇ, ಇದ್ದ ಹಾಗೆ ದೇವರು ತನ್ನನ್ನು ಸ್ವೀಕರಿಸಿರುವನೆಂಬ ಭರವಸೆಯೇ ಆ ನೆಮ್ಮದಿಯ ತಿರುಳು. ವ್ರತಗಳ ಫಲಕ್ಕಾಗಿ ಕಾದು ಕಾದು ಹಸಿವಿನಿಂದ ಮಡಿದವರ ಮಗಳಿಗೆ ಈ ಭರವಸೆ ಎಷ್ಟು ದೊಡ್ಡದಾಗಿ ಕಂಡಿರಬೇಕೆಂಬುದನ್ನು ನಾವು ಊಹಿಸಬಹುದು.

ಈ ನಡುವೆ ಅಮೆರಿಕಾಕ್ಕೆ ಹೋಗಿ, ಮೇಲ್ಜಾತಿಯ ಹಿಂದೂ ಸ್ತ್ರೀಯರ ಸ್ಥಿತಿಗತಿಯನ್ನು ಕುರಿತು 1887ರಲ್ಲಿ ಇಂಗ್ಲಿಷ್ ಗ್ರಂಥವೊಂದನ್ನು ಪ್ರಕಟಿಸಿದ್ದರು. ಅಲ್ಲಿನ ಹಿತೈಷಿಗಳ ನೆರವಿನಿಂದ 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಬಾಲವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಮರುವರ್ಷ ಅದು ಪುಣೆಗೆ ಸ್ಥಳಾಂತರವಾಯಿತು. ಮುಂದೆ ಮಹರ್ಷಿ ಧೋಂಡೋ ಕೇಶವ ಕರ್ವೆಯವರನ್ನು ವರಿಸಿದ ಗೋದೂಬಾಯಿ ಅಲ್ಲಿನ ಮೊದಲ ವಿಧವಾ ವಿದ್ಯಾರ್ಥಿನಿ. ಹಿಂದೂ ವಿದ್ಯಾರ್ಥಿನಿಯರ ಆಚಾರಗಳಿಗೆ ಸದನದಲ್ಲಿ ಅಡ್ಡಿಯಿರಲಿಲ್ಲ. ಆದರೆ ರಮಾಬಾಯಿ ಕದ ತೆರೆದಿಟ್ಟು ಮಾಡುತ್ತಿದ್ದ ಪ್ರಾರ್ಥನೆಗೆ ಕೆಲವು ಹುಡುಗಿಯರು ಬಂದು ಕುಳಿತುಕೊಳ್ಳತೊಡಗಿದಾಗ ದೊಡ್ಡ ವಿವಾದವೆದ್ದಿತು. ತಿಲಕರ ಕೇಸರಿ ಪತ್ರಿಕೆ ಕಟುವಾಗಿ ಟೀಕಿಸಿತು. 1893ರಲ್ಲಿ ರಾನಡೆ, ಭಂಡಾರ್ಕರ್ ಅವರಂತಹ ಬೆಂಬಲಿಗರೂ ಸಲಹಾ ಮಂಡಳಿಯಿಂದ ಹೊರನಡೆದರು. ಅನೇಕ ಪಾಲಕರು ಹುಡುಗಿಯರನ್ನು ಕರೆದೊಯ್ದರು. ಮತನಿರಪೇಕ್ಷವೆಂದು ನಂಬಿ ಮಕ್ಕಳನ್ನು ಕಳುಹಿಸಿದವರ ಆತಂಕವನ್ನು ತಳ್ಳಿಹಾಕಲಾಗದು. ತಮ್ಮ ಕೋಣೆಯ ಪ್ರಾರ್ಥನೆಗೆ ಕದ ಮುಚ್ಚಲಾರೆನೆಂಬ ರಮಾಬಾಯಿಯವರ ನಿಲುವನ್ನೂ ಅರಿಯಬಹುದು. ಶ್ರದ್ಧೆಗಾಗಿ ಅವರು ತೆತ್ತ ಬೆಲೆಯಂತೂ ಚಿಕ್ಕದಾಗಿರಲಿಲ್ಲ.

ನಿಜವಾದ ಪರೀಕ್ಷೆ ಎದುರಾದದ್ದು 1896ರಲ್ಲಿ. ಮಧ್ಯ ಪ್ರಾಂತ್ಯದಲ್ಲಿ ಕ್ಷಾಮವೆಂಬ ಸುದ್ದಿ ಬಂದಿತು. ಬಾಲ್ಯದ ಹಸಿವಿನ ನೆನಪುಗಳೆಲ್ಲ ಮರುಕಳಿಸಿದವು. ಕೈಯಲ್ಲಿ ಸಾಕಷ್ಟು ಹಣವಿರಲಿಲ್ಲ. ಆದರೂ ಹೊರಟ ಅವರು ಕ್ಷಾಮ ಶಿಬಿರಗಳಿಂದ, ಬೀದಿಗಳಿಂದ ಸುಮಾರು 300 ಹುಡುಗಿಯರನ್ನೂ ಸ್ತ್ರೀಯರನ್ನೂ ಕರೆತಂದರು. ಅಷ್ಟರಲ್ಲಿ ಪುಣೆಗೆ ಪ್ಲೇಗು ಕಾಲಿಟ್ಟಿತು. ಊರೊಳಗೆ ಹೊಸಬರನ್ನು ಇರಿಸಿಕೊಳ್ಳಬಾರದೆಂಬ ಸರಕಾರಿ ನಿರ್ಬಂಧವೂ ಬಂದಿತು. ಹಣ್ಣಿನ ತೋಟಕ್ಕೆಂದು ಮೊದಲೇ ಕೊಂಡಿದ್ದ ಕೇಡಗಾಂವಿನ ಜಮೀನಿನಲ್ಲಿ ಗುಡಿಸಲು, ಡೇರೆಗಳನ್ನು ಹಾಕಿ ಅವರೆಲ್ಲರನ್ನೂ ಇರಿಸಬೇಕಾಯಿತು. ಪ್ಲೇಗು ಶಿಬಿರಗಳಲ್ಲಿ ಸ್ತ್ರೀಯರನ್ನು ನಡೆಸಿಕೊಳ್ಳುತ್ತಿದ್ದ ರೀತಿಯನ್ನು ಖಂಡಿಸಿ 1897ರಲ್ಲಿ ಪತ್ರಿಕೆಗೆ ಬರೆದು, ಕ್ರೈಸ್ತ ಸರಕಾರವೆಂಬ ಮುಲಾಜಿಲ್ಲದೆ ಅಧಿಕಾರಿಗಳ ಕೋಪವನ್ನೂ ಎದುರಿಸಿದರು.

ಪುಣೆಯಿಂದ ದೌಂಡ್ ಮಾರ್ಗವಾಗಿ ಸೊಲ್ಲಾಪುರ, ಕಲಬುರಗಿಗಳತ್ತ ರೈಲಿನಲ್ಲಿ ಪ್ರಯಾಣಿಸುವ ನಾವೆಲ್ಲರೂ ಈ ಕೇಡಗಾಂವನ್ನು ಹಾದುಹೋಗಿದ್ದೇವೆ. ಅಲ್ಲಿ ತಲೆಯೆತ್ತಿದ ಸಂಸ್ಥೆಯೇ ಮುಕ್ತಿ ಸದನ. 1900ರ ಗುಜರಾತ್ ಕ್ಷಾಮದ ನಂತರ ಅಲ್ಲಿ 1,900ಕ್ಕೂ ಹೆಚ್ಚು ಜನ ಆಶ್ರಯ ಪಡೆದಿದ್ದರು. ನೇಯ್ಗೆ, ಹೊಲಿಗೆ, ಎಣ್ಣೆ ಗಾಣ, ಹೈನುಗಾರಿಕೆ, ಬೇಸಾಯ, ಮುದ್ರಣ ಎಲ್ಲವನ್ನೂ ಹೆಂಗಸರೇ ಕಲಿತು ನಡೆಸಿದರು. ಅಂಧರಿಗೆ ಬ್ರೈಲ್ ಲಿಪಿಯ ಶಿಕ್ಷಣವಿತ್ತು. ಸಮಾಜ ಹೊರದೂಡಿದ ಸ್ತ್ರೀಯರಿಗೆ ಕೃಪಾ ಸದನವೆಂಬ ಬೇರೆಯ ಮನೆಯಿತ್ತು. ಹಿಂದೆ ಕೂಲಿ ಮಾಡಲು ತಿಳಿಯದೆ ತಮ್ಮ ಕುಟುಂಬ ನಾಶವಾದುದನ್ನು ಮರೆಯದ ರಮಾಬಾಯಿ, ಪ್ರಾರ್ಥನೆಯ ಜತೆಗೆ ಪ್ರತಿಯೊಬ್ಬಳ ಕೈಗೂ ಒಂದು ಕಸುಬನ್ನು ಕೊಟ್ಟರು.

1912ರ ಸುಮಾರಿಗೆ ಗುಲಬರ್ಗಾದಲ್ಲಿ, ಅಂದರೆ ಇಂದಿನ ಕಲಬುರಗಿಯಲ್ಲಿ, ಪ್ರೌಢಶಾಲೆಯೊಂದನ್ನು ಸ್ಥಾಪಿಸಿ ಮಗಳು ಮನೋರಮಾಳನ್ನು ಅದರ ಮುಖ್ಯಸ್ಥೆಯನ್ನಾಗಿ ಮಾಡಿದರು. ಹೀಗೆ ಕನ್ನಡ ನಾಡಿನ ಋಣವೂ ಸಂದಾಯವಾಯಿತು. ಜೀವನದ ಕೊನೆಯ ಹದಿನೈದಕ್ಕೂ ಹೆಚ್ಚು ವರ್ಷಗಳನ್ನು ಬೈಬಲನ್ನು ಹೀಬ್ರೂ ಹಾಗೂ ಗ್ರೀಕ್ ಮೂಲಗಳಿಂದ, ಹಳ್ಳಿಯ ಹೆಂಗಸರಿಗೂ ಅರ್ಥವಾಗುವ ಸರಳ ಮರಾಠಿಗೆ ಅನುವಾದಿಸಲು ಮುಡಿಪಾಗಿಟ್ಟರು. 1919ರಲ್ಲಿ ಕೈಸರ್-ಇ-ಹಿಂದ್ ಪದಕ ಅರಸಿ ಬಂದಿತು. ಆದರೆ 1921ರ ಜುಲೈಯಲ್ಲಿ, ಉತ್ತರಾಧಿಕಾರಿಯೆಂದು ನೆಚ್ಚಿದ್ದ ಒಬ್ಬಳೇ ಮಗಳು ನಲವತ್ತರ ಹರೆಯದಲ್ಲಿ ತಾಯಿಗಿಂತ ಮೊದಲೇ ಹೊರಟುಹೋದಳು. ದುಃಖವನ್ನು ನುಂಗಿಕೊಂಡು ಅನುವಾದವನ್ನು ಮುಗಿಸಿದ ರಮಾಬಾಯಿ 1922ರ ಏಪ್ರಿಲ್ 5ರಂದು ಕೇಡಗಾಂವಿನಲ್ಲಿ ನಿಧನರಾದರು.

ತಂದೆ, ತಾಯಿ, ಅಕ್ಕ, ಅಣ್ಣ, ಪತಿ, ಮಗಳು ಎಲ್ಲರನ್ನೂ ಒಬ್ಬೊಬ್ಬರಾಗಿ ಕಳುಹಿಸಿಕೊಟ್ಟ ಈ ಬದುಕನ್ನು ಅವಲೋಕಿಸಿದಾಗ ನಮಗೆ ಒಂದು ವಿಷಯ ಮನದಟ್ಟಾಗುತ್ತದೆ. ಶ್ರದ್ಧೆಯು ರಮಾಬಾಯಿಯವರನ್ನು ದುಃಖದಿಂದ ಪಾರುಮಾಡಲಿಲ್ಲ. ದುಃಖದಲ್ಲಿ ತಾನು ಒಂಟಿಯಲ್ಲವೆಂಬ ಧೈರ್ಯವನ್ನು ಕೊಟ್ಟಿತು. ಆ ಧೈರ್ಯದಿಂದಲೇ ಅವರು ಬೇರೆಯವರನ್ನು ಒಂಟಿಯಾಗಿ ಬಿಡದಿರಲು ಶಕ್ತರಾದರು. ಮತ ಯಾವುದೇ ಇರಲಿ, ಭಯದ ದಿನಗಳಲ್ಲಿ ನಮಗೆ ದೊರೆತ ಸಾಂತ್ವನವು ನೆರೆಯವರ ಬಾಗಿಲನ್ನೂ ತಲುಪಿದರೆ ಅದು ಸಾರ್ಥಕ. ಸಹ್ಯಾದ್ರಿಯ ಕಾಡಿನಲ್ಲಿ ಹುಟ್ಟಿ, ಮಹಾರಾಷ್ಟ್ರದ ಬಯಲಿನಲ್ಲಿ ನೂರಾರು ಜನರಿಗೆ ನೆರಳಾದ ಈ ಮಹಾಮಾತೆಯನ್ನು ನಾವು ನಮ್ಮವರೆಂದು ಗೌರವದಿಂದ ಸ್ಮರಿಸೋಣ.