ತನ್ನ ತಪ್ಪನ್ನು ತಾನೇ ಹುಡುಕಿದ ಬಡಗಿ: ಜಾನ್ ಹ್ಯಾರಿಸನ್

ಊರಿಗೆ ಫೋನ್ ಮಾಡುವ ಮುನ್ನ ನಾವೆಲ್ಲರೂ ಮನಸ್ಸಿನಲ್ಲೇ ಒಂದು ಲೆಕ್ಕ ಹಾಕುತ್ತೇವೆ. ಇಲ್ಲಿ ಇಂಗ್ಲೆಂಡಿನಲ್ಲಿ ಚಳಿಗಾಲವಾದರೆ ಐದೂವರೆ ಗಂಟೆ ಕೂಡಿಸಬೇಕು, ಬೇಸಿಗೆಯಾದರೆ ನಾಲ್ಕೂವರೆ. ಅಪ್ಪ ಅಮ್ಮ ಊಟಕ್ಕೆ ಕುಳಿತಿದ್ದಾರೋ, ಮಲಗಿಬಿಟ್ಟಿದ್ದಾರೋ ಎಂದು ಅಂದಾಜು ಮಾಡಿ ಆಮೇಲೆ ನಂಬರ್ ಒತ್ತುತ್ತೇವೆ. ಈ ಲೆಕ್ಕದ ಹಿಂದೆ ಇರುವುದು ಭೂಮಿಯ ತಿರುಗುವಿಕೆ. 24 ಗಂಟೆಗಳಲ್ಲಿ 360 ಡಿಗ್ರಿ, ಅಂದರೆ ಗಂಟೆಗೆ 15 ಡಿಗ್ರಿ. ಐದೂವರೆಯನ್ನು 15ರಿಂದ ಗುಣಿಸಿದರೆ ಎಂಬತ್ತೆರಡೂವರೆ. ಭಾರತದ ಗಡಿಯಾರಗಳೆಲ್ಲ ನಡೆಯುವುದು ಗ್ರೀನಿಚ್‌ನಿಂದ ಪೂರ್ವಕ್ಕೆ ಎಂಬತ್ತೆರಡೂವರೆ ಡಿಗ್ರಿಯಲ್ಲಿರುವ ರೇಖಾಂಶದ ಹೊತ್ತಿಗೆ. ಎರಡು ಜಾಗಗಳ ಹೊತ್ತು ಗೊತ್ತಿದ್ದರೆ, ಒಂದು ಇನ್ನೊಂದಕ್ಕಿಂತ ಎಷ್ಟು ಪೂರ್ವದಲ್ಲಿದೆ ಅಥವಾ ಪಶ್ಚಿಮದಲ್ಲಿದೆ ಎಂಬುದು ತಿಳಿಯುತ್ತದೆ.

ನಮಗೆ ಇದು ಮಗ್ಗಿಯ ಲೆಕ್ಕ. ಮುನ್ನೂರು ವರ್ಷಗಳ ಹಿಂದೆ ಕಡಲಿನ ಮೇಲಿದ್ದವರಿಗೆ ಇದೇ ಲೆಕ್ಕ ಸಿಗದೆ ಪ್ರಾಣ ಹೋಗುತ್ತಿತ್ತು. ಆ ಲೆಕ್ಕವನ್ನು ಹಡಗಿನವರ ಕೈಗೆ ಕೊಟ್ಟವನು ಒಬ್ಬ ಹಳ್ಳಿ ಬಡಗಿ. ನಮ್ಮ ಮಕ್ಕಳು ಪ್ರಮಾಣಪತ್ರ ಪಡೆಯುತ್ತಿರುವ ಈ ಹೊತ್ತಿನಲ್ಲಿ ಪೋಷಕರೊಂದಿಗೆ, ಶಿಕ್ಷಕರೊಂದಿಗೆ ಆತನ ಬದುಕನ್ನು ಹಂಚಿಕೊಳ್ಳಬೇಕೆನಿಸಿತು.

ಮೊದಲು ಸಮಸ್ಯೆ ಏನಿತ್ತು ನೋಡೋಣ. ನಡುಗಡಲಿನಲ್ಲಿರುವ ನಾವಿಕನಿಗೆ ತಾನು ಎಷ್ಟು ಉತ್ತರದಲ್ಲಿದ್ದೇನೆ, ಎಷ್ಟು ದಕ್ಷಿಣದಲ್ಲಿದ್ದೇನೆ ಎಂಬುದು ಸೂರ್ಯನ ಅಥವಾ ಧ್ರುವ ನಕ್ಷತ್ರದ ಎತ್ತರದಿಂದ ತಿಳಿಯುತ್ತಿತ್ತು. ಪೂರ್ವ ಪಶ್ಚಿಮದ ಲೆಕ್ಕ ಮಾತ್ರ ಸಿಗುತ್ತಿರಲಿಲ್ಲ. ಸೂರ್ಯ ಅತಿ ಎತ್ತರಕ್ಕೆ ಬಂದಾಗ ಹಡಗಿನಲ್ಲಿ ಮಧ್ಯಾಹ್ನ ಎಂದು ಗೊತ್ತಾಗುತ್ತದೆ. ಅದೇ ಕ್ಷಣದಲ್ಲಿ, ಬಿಟ್ಟುಬಂದ ಬಂದರಿನಲ್ಲಿ ಎಷ್ಟು ಗಂಟೆಯಾಗಿದೆ ಎಂಬುದೂ ಗೊತ್ತಿರಬೇಕು. ಅದಕ್ಕೆ ಬಂದರಿನ ಸಮಯವನ್ನು ತಿಂಗಳುಗಟ್ಟಲೆ ತಪ್ಪದೆ ತೋರಿಸುವ ಗಡಿಯಾರ ಬೇಕು. ಆಗಿನ ಲೋಲಕದ ಗಡಿಯಾರ ಹಡಗು ಓಲಾಡಿದರೆ ಕೆಡುತ್ತಿತ್ತು. ಸೆಕೆಗೆ ಲೋಹ ಹಿಗ್ಗುತ್ತಿತ್ತು, ಚಳಿಗೆ ಕುಗ್ಗುತ್ತಿತ್ತು, ಒಳಗೆ ಹಾಕಿದ ಎಣ್ಣೆ ಗಟ್ಟಿಯಾಗುತ್ತಿತ್ತು. 1707ರಲ್ಲಿ ಬ್ರಿಟನ್ನಿನ ನಾಲ್ಕು ಯುದ್ಧನೌಕೆಗಳು ತಾವಿರುವ ಜಾಗ ತಿಳಿಯದೆ ಸಿಲ್ಲಿ ದ್ವೀಪಗಳ ಬಂಡೆಗಳಿಗೆ ಬಡಿದು ಮುಳುಗಿದವು. ಸಾವಿರಕ್ಕೂ ಹೆಚ್ಚು ಜನ ಸತ್ತರು. 1714ರಲ್ಲಿ ಪಾರ್ಲಿಮೆಂಟ್ ಒಂದು ಕಾಯಿದೆ ಮಾಡಿ, ರೇಖಾಂಶವನ್ನು ಅರ್ಧ ಡಿಗ್ರಿಯೊಳಗೆ ಹೇಳುವ ಉಪಾಯ ಕಂಡುಹಿಡಿದವರಿಗೆ 20,000 ಪೌಂಡ್ ಬಹುಮಾನ ಘೋಷಿಸಿತು. ಅರ್ಧ ಡಿಗ್ರಿ ಎಂದರೆ ಕಾಲದಲ್ಲಿ ಎರಡು ನಿಮಿಷ. ಆರು ವಾರಗಳ ಪ್ರಯಾಣದಲ್ಲಿ ಗಡಿಯಾರ ದಿನಕ್ಕೆ ಮೂರು ಸೆಕೆಂಡೂ ತಪ್ಪಬಾರದು. ಅಂಥ ಗಡಿಯಾರ ಆಗುವ ಮಾತೇ ಎಂದು ದೊಡ್ಡ ವಿಜ್ಞಾನಿಗಳೇ ಅನುಮಾನಪಟ್ಟಿದ್ದರು.

ಜಾನ್ ಹ್ಯಾರಿಸನ್ ಹುಟ್ಟಿದ್ದು 1693ರಲ್ಲಿ, ಯಾರ್ಕ್‌ಷೈರ್‌ನ ವೇಕ್‌ಫೀಲ್ಡ್ ಬಳಿಯ ಫೌಲ್‌ಬಿ ಎಂಬ ಹಳ್ಳಿಯಲ್ಲಿ. ತಂದೆ ಬಡಗಿ. ಮಗ ಇನ್ನೂ ಚಿಕ್ಕವನಿದ್ದಾಗಲೇ ಸಂಸಾರ ಲಿಂಕನ್‌ಷೈರ್‌ನ ಬ್ಯಾರೊ ಎಂಬ ಊರಿಗೆ ಬಂದು ನೆಲೆಸಿತು. ಹುಡುಗ ತಂದೆಯ ಜೊತೆಯಲ್ಲೇ ಉಳಿ, ಗರಗಸ, ತೋಪಡ ಹಿಡಿದು ಕೆಲಸ ಕಲಿತ. ದೊಡ್ಡ ಶಾಲೆಯ ಓದು ಇರಲಿಲ್ಲ. ಒಮ್ಮೆ ಒಬ್ಬ ಪಾದ್ರಿ, ಕೇಂಬ್ರಿಜ್‌ನ ಪ್ರಾಧ್ಯಾಪಕರೊಬ್ಬರ ಯಂತ್ರವಿಜ್ಞಾನದ ಉಪನ್ಯಾಸಗಳ ಪ್ರತಿಯನ್ನು ಓದಲು ಕೊಟ್ಟರು. ಹ್ಯಾರಿಸನ್ ಅದನ್ನು ಸುಮ್ಮನೆ ಓದಿ ಹಿಂದಿರುಗಿಸಲಿಲ್ಲ. ಚಿತ್ರಗಳ ಸಮೇತ ಇಡೀ ಪುಸ್ತಕವನ್ನು ಕೈಯಲ್ಲಿ ನಕಲು ಮಾಡಿಕೊಂಡ, ಮುಂದೆ ವರ್ಷಗಟ್ಟಲೆ ಅದರ ಪಕ್ಕದಲ್ಲಿ ಟಿಪ್ಪಣಿ ಬರೆಯುತ್ತ ಹೋದ.

1713ರಲ್ಲಿ, ಇಪ್ಪತ್ತು ವರ್ಷದವನಿದ್ದಾಗ, ತನ್ನ ಮೊದಲ ಗಡಿಯಾರ ಮಾಡಿದ. ಅದರ ಒಳಗಿನ ಹಲ್ಲುಚಕ್ರಗಳು ಓಕ್ ಮರದವು. ಹಿತ್ತಾಳೆ ದುಬಾರಿ, ಮರ ಕೈಗೆ ಪಳಗಿದ ವಸ್ತು. ಮರದ ಹಲ್ಲು ಮುರಿಯದಿರಬೇಕಾದರೆ ಎಳೆ ಯಾವ ದಿಕ್ಕಿಗಿರಬೇಕು ಎಂಬುದು ಬಡಗಿಗೆ ಗೊತ್ತಿರುವಷ್ಟು ಗಡಿಯಾರದವನಿಗೆ ಗೊತ್ತಿರುವುದಿಲ್ಲ. ಆತ ಆ ವಯಸ್ಸಿನಲ್ಲಿ ಮಾಡಿದ ಮೂರು ಮರದ ಗಡಿಯಾರಗಳು ಇಂದಿಗೂ ಉಳಿದಿವೆ.

ಕೆಲವು ವರ್ಷಗಳ ನಂತರ ಬ್ರಾಕ್ಲ್ಸ್‌ಬಿ ಪಾರ್ಕ್ ಎಂಬ ಜಮೀನುದಾರರ ಎಸ್ಟೇಟಿನಲ್ಲಿ ಗೋಪುರದ ಗಡಿಯಾರ ಮಾಡುವ ಕೆಲಸ ಸಿಕ್ಕಿತು. ಎಣ್ಣೆ ಗಟ್ಟಿಯಾಗಿ ಗಡಿಯಾರ ನಿಲ್ಲುತ್ತದೆ ಎನ್ನುವುದಾದರೆ ಒಳ್ಳೆಯ ಎಣ್ಣೆ ಹುಡುಕಬೇಕು ಎಂದು ಬೇರೆಯವರು ಯೋಚಿಸುತ್ತಿದ್ದರು. ಹ್ಯಾರಿಸನ್ ಎಣ್ಣೆಯೇ ಬೇಡದ ಗಡಿಯಾರ ಮಾಡಿದ. ಲಿಗ್ನಮ್ ವಿಟೆ ಎಂಬ ಉಷ್ಣವಲಯದ ಗಟ್ಟಿ ಮರ ತನ್ನಷ್ಟಕ್ಕೆ ತಾನೇ ಜಿಡ್ಡು ಒಸರುತ್ತದೆ. ಉಜ್ಜಾಡುವ ಭಾಗಗಳಿಗೆ ಅದನ್ನು ಬಳಸಿದ. 1722ರ ಹೊತ್ತಿಗೆ ಸಿದ್ಧವಾದ ಆ ಗಡಿಯಾರ ಇಂದಿಗೂ ನಡೆಯುತ್ತಿದೆ.

ಮುಂದೆ ತಮ್ಮ ಜೇಮ್ಸ್ ಜೊತೆ ಸೇರಿ ಇನ್ನೂ ನಿಖರವಾದ ಗಡಿಯಾರಗಳಿಗೆ ಕೈಹಾಕಿದ. ಹಿತ್ತಾಳೆ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ. ಎರಡರ ಸರಳುಗಳನ್ನು ಅಕ್ಕಪಕ್ಕ ಜೋಡಿಸಿ, ಒಂದರ ಹಿಗ್ಗು ಇನ್ನೊಂದರ ಹಿಗ್ಗನ್ನು ಸರಿದೂಗಿಸುವಂಥ ಲೋಲಕ ಮಾಡಿದ. ಹಳ್ಳಿಯಲ್ಲಿ ಅಷ್ಟು ಸೂಕ್ಷ್ಮ ಗಡಿಯಾರವನ್ನು ಹೋಲಿಸಿ ನೋಡಲು ಇನ್ನೊಂದು ಗಡಿಯಾರ ಎಲ್ಲಿ ಸಿಗಬೇಕು? ಆತ ಆಕಾಶ ನೋಡಿದ. ತನ್ನ ಕಿಟಕಿಯ ಅಂಚನ್ನೂ ನೆರೆಮನೆಯ ಹೊಗೆಕೊಳವೆಯನ್ನೂ ಗುರುತಾಗಿಟ್ಟುಕೊಂಡು, ನಕ್ಷತ್ರ ಹೊಗೆಕೊಳವೆಯ ಹಿಂದೆ ಮರೆಯಾಗುವ ಕ್ಷಣವನ್ನು ರಾತ್ರಿ ರಾತ್ರಿ ಗುರುತಿಸಿದ. ನಕ್ಷತ್ರ ಪ್ರತಿ ರಾತ್ರಿ 3 ನಿಮಿಷ 56 ಸೆಕೆಂಡು ಮುಂಚೆ ಮರೆಯಾಗುತ್ತದೆ. ಅದಕ್ಕೆ ತಾಳೆಯಾಗದಿದ್ದರೆ ತಪ್ಪು ಗಡಿಯಾರದ್ದು. ಹಳ್ಳಿಯಲ್ಲಿ ಯಾರೂ ಕೇಳದಿದ್ದಾಗಲೂ ಆತ ತನಗೆ ತಾನೇ ಹೀಗೆ ಪರೀಕ್ಷೆ ಇಟ್ಟುಕೊಂಡಿದ್ದ.

ಸುಮಾರು 1730ರಲ್ಲಿ ಕಡಲ ಗಡಿಯಾರದ ನಕ್ಷೆ ಹಿಡಿದು ಲಂಡನ್ನಿಗೆ ಹೋದ. ಖಗೋಳ ವಿಜ್ಞಾನಿ ಎಡ್ಮಂಡ್ ಹ್ಯಾಲಿ ಆತನನ್ನು ಹೆಸರಾಂತ ಗಡಿಯಾರ ತಯಾರಕ ಜಾರ್ಜ್ ಗ್ರಹಾಂ ಬಳಿಗೆ ಕಳಿಸಿದರು. ಬೆಳಿಗ್ಗೆ ಹತ್ತಕ್ಕೆ ಶುರುವಾದ ಮಾತು ರಾತ್ರಿ ಎಂಟರವರೆಗೆ ನಡೆಯಿತು. ಗ್ರಹಾಂ ಆ ಅಪರಿಚಿತ ಬಡಗಿಗೆ ಬಡ್ಡಿಯಿಲ್ಲದೆ ಹಣ ಕೊಟ್ಟು ಕಳಿಸಿದರು. ಐದು ವರ್ಷಗಳ ಕೆಲಸದ ನಂತರ, 1735ರಲ್ಲಿ, ಮೊದಲ ಕಡಲ ಗಡಿಯಾರ ಸಿದ್ಧವಾಯಿತು. ತೂಕ 34 ಕಿಲೋ. ಇಂದು ಅದನ್ನು ಎಚ್-1 ಎಂದು ಕರೆಯುತ್ತಾರೆ. 1736ರಲ್ಲಿ ಅದನ್ನು ಹಡಗಿನಲ್ಲಿ ಲಿಸ್ಬನ್‌ವರೆಗೆ ಕೊಂಡೊಯ್ದರು. ಮರಳುವಾಗ ಇಂಗ್ಲೆಂಡಿನ ಕರಾವಳಿ ಕಾಣಿಸಿತು. ಹಡಗಿನವರು ಅದನ್ನು ಸ್ಟಾರ್ಟ್ ಭೂಶಿರ ಎಂದುಕೊಂಡರು. ಹ್ಯಾರಿಸನ್ ತನ್ನ ಗಡಿಯಾರ ನೋಡಿ, ಅಲ್ಲ, ಇದು ಲಿಜರ್ಡ್ ಭೂಶಿರ ಎಂದ. ಆತನ ಮಾತೇ ಸರಿಯಾಗಿತ್ತು. ಹಡಗಿನವರ ಲೆಕ್ಕ ಸುಮಾರು 60 ಮೈಲಿ ತಪ್ಪಿತ್ತು.

1737ರಲ್ಲಿ ಬಹುಮಾನದ ಮಂಡಳಿ ಸಭೆ ಸೇರಿತು. ಸದಸ್ಯರು ಎಚ್-1 ಅನ್ನು ಮೆಚ್ಚಿಕೊಂಡಿದ್ದರು. ಹ್ಯಾರಿಸನ್ ಅಂದು ವೆಸ್ಟ್ ಇಂಡೀಸ್ ಪ್ರಯಾಣದ ಅಧಿಕೃತ ಪರೀಕ್ಷೆಯನ್ನು ಕೇಳಬಹುದಿತ್ತು. ಆ ಕೋಣೆಯಲ್ಲಿ ಎಚ್-1ರ ದೋಷಗಳನ್ನು ಎತ್ತಿ ಹೇಳಿದವನು ಒಬ್ಬನೇ, ಅದನ್ನು ಮಾಡಿದವನು. ಇದಕ್ಕಿಂತ ಚಿಕ್ಕದಾದ, ಉತ್ತಮವಾದ ಇನ್ನೊಂದನ್ನು ಮಾಡುತ್ತೇನೆ, ಸಮಯವೂ ಸ್ವಲ್ಪ ಹಣವೂ ಬೇಕು ಎಂದು ಕೇಳಿದ. ಆಗ ಆತನಿಗೆ 44 ವರ್ಷ.

ಎರಡನೆಯ ಗಡಿಯಾರ ಎಚ್-2 ಕೆಲವೇ ವರ್ಷಗಳಲ್ಲಿ ಮುಗಿಯಿತು. ಆದರೆ ಹಡಗು ತಿರುವು ತೆಗೆದುಕೊಂಡಾಗ ಅದರ ತೂಗುವ ಸರಳುಗಳ ನಡೆ ಬದಲಾಗುತ್ತದೆ ಎಂಬ ಮೂಲದೋಷವನ್ನು ಹ್ಯಾರಿಸನ್ ತಾನೇ ಕಂಡುಕೊಂಡ. ಅದು ಕಡಲಿಗೆ ಹೋಗಲೇ ಇಲ್ಲ. ಮೂರನೆಯದು ಎಚ್-3. ಅದಕ್ಕೆ ಹಿಡಿದದ್ದು 19 ವರ್ಷ. ಅದರಲ್ಲಿ ಏಳುನೂರಕ್ಕೂ ಹೆಚ್ಚು ಬಿಡಿಭಾಗಗಳಿವೆ. ಸೆಕೆ ಚಳಿಯ ವ್ಯತ್ಯಾಸವನ್ನು ಸರಿಪಡಿಸಲು ಎರಡು ಲೋಹಗಳ ಪಟ್ಟಿಗಳನ್ನು ಬೆಸೆದು ಒಂದೇ ಪಟ್ಟಿ ಮಾಡಿದ. ಘರ್ಷಣೆ ಕಡಿಮೆ ಮಾಡಲು ಚೌಕಟ್ಟಿನೊಳಗೆ ಉರುಳುವ ರೋಲರ್ ಬೇರಿಂಗ್ ಮಾಡಿದ. ಅಂಥ ಜೋಡಿಲೋಹದ ಪಟ್ಟಿ ಈಗಲೂ ಥರ್ಮೋಸ್ಟಾಟ್‌ಗಳಲ್ಲಿ ಕೆಲಸ ಮಾಡುತ್ತದೆ. ಬೇರಿಂಗ್‌ಗಳಂತೂ ನಮ್ಮ ಕಾರು, ಯಂತ್ರಗಳಲ್ಲೆಲ್ಲ ಇವೆ. ಇಷ್ಟಾದರೂ ಎಚ್-3 ಬೇಕಾದಷ್ಟು ನಿಖರವಾಗಿ ನಡೆಯಲಿಲ್ಲ.

ಈ ನಡುವೆ, 1753ರಲ್ಲಿ, ಜಾನ್ ಜೆಫರೀಸ್ ಎಂಬ ಕುಶಲಿ ಹ್ಯಾರಿಸನ್‌ನ ಸೂಚನೆಯಂತೆ ಆತನ ಸ್ವಂತ ಬಳಕೆಗೆ ಒಂದು ಜೇಬಿನ ಗಡಿಯಾರ ಮಾಡಿಕೊಟ್ಟ. ಜೇಬಿನ ಗಡಿಯಾರವೆಂದರೆ ಆಗ ನಂಬಲಾಗದ ವಸ್ತು. ಈ ಪುಟ್ಟ ಗಡಿಯಾರ ಮಾತ್ರ ನಿರೀಕ್ಷೆ ಮೀರಿ ಚೆನ್ನಾಗಿ ನಡೆಯಿತು. ಹ್ಯಾರಿಸನ್ ಅದನ್ನು ಗಮನಿಸಿದ. ದೊಡ್ಡದಾಗಿ ನಿಧಾನವಾಗಿ ತೂಗುವುದಕ್ಕಿಂತ, ಚಿಕ್ಕದಾಗಿ ಬೇಗ ಬೇಗ ತೂಗುವ ಚಕ್ರಕ್ಕೆ ಹಡಗಿನ ಓಲಾಟ ಅಷ್ಟಾಗಿ ತಟ್ಟುವುದಿಲ್ಲ ಎಂಬುದು ಅರ್ಥವಾಯಿತು. ಅರವತ್ತು ದಾಟಿದ ಮನುಷ್ಯ, ಮೂರು ದೊಡ್ಡ ಯಂತ್ರಗಳಿಗೆ ಇಪ್ಪತ್ತೈದು ವರ್ಷ ಸುರಿದವನು, ತಾನು ಹಿಡಿದ ದಾರಿಯೇ ತಪ್ಪು ಎಂದು ಒಪ್ಪಿಕೊಂಡು ಹೊಸದಾಗಿ ಶುರುಮಾಡಿದ.

1759ರಲ್ಲಿ ಎಚ್-4 ಸಿದ್ಧವಾಯಿತು. ಅಗಲ 13 ಸೆಂಟಿಮೀಟರ್, ತೂಕ ಒಂದೂವರೆ ಕಿಲೋಗಿಂತ ಸ್ವಲ್ಪ ಕಡಿಮೆ. ನೋಡಲು ದೊಡ್ಡ ಜೇಬಿನ ಗಡಿಯಾರದಂತಿದೆ. ಹಳೆಯ ಕೆಲಸ ವ್ಯರ್ಥವಾಗಲಿಲ್ಲ. ಎಚ್-3ಗಾಗಿ ಕಂಡುಹಿಡಿದ ಜೋಡಿಲೋಹದ ಪಟ್ಟಿ ಇದರೊಳಗೂ ಇದೆ. 1761ರಲ್ಲಿ ಮಗ ವಿಲಿಯಂ ಅದನ್ನು ಜಮೈಕಾಗೆ ಕೊಂಡೊಯ್ದ. 81 ದಿನಗಳಲ್ಲಿ ಅದು ತಪ್ಪಿದ್ದು ಸುಮಾರು ಐದು ಸೆಕೆಂಡು ಮಾತ್ರ.

ಬಹುಮಾನ ಬರಲಿಲ್ಲ. ಇದು ಆಕಸ್ಮಿಕವಿರಬಹುದು, ಇನ್ನೊಮ್ಮೆ ಪರೀಕ್ಷೆಯಾಗಲಿ ಎಂದಿತು ಮಂಡಳಿ. 1764ರ ಬಾರ್ಬಡೋಸ್ ಪ್ರಯಾಣದಲ್ಲೂ ಅದು ಗೆದ್ದಿತು. ಆಗ ಮಂಡಳಿ ಬೇರೊಂದು ಪ್ರಶ್ನೆ ಎತ್ತಿತು. ಒಬ್ಬ ಮುದುಕ ಆರು ವರ್ಷ ಕುಳಿತು ಮಾಡಿದ ಒಂದು ಗಡಿಯಾರದಿಂದ ನೌಕಾಪಡೆಗೆ ಏನು ಪ್ರಯೋಜನ? ಬೇರೆಯವರೂ ಅದನ್ನು ಮಾಡಬಲ್ಲರೇ? ಮಂಡಳಿಯಲ್ಲಿ ಚಂದ್ರನನ್ನು ನೋಡಿ ರೇಖಾಂಶ ಕಂಡುಹಿಡಿಯುವ ವಿಧಾನದ ಪರವಾಗಿದ್ದ ಖಗೋಳ ವಿಜ್ಞಾನಿಗಳಿದ್ದರು. ಹಾಗಾಗಿ ಹ್ಯಾರಿಸನ್‌ಗೆ ಇದು ಮೋಸವೆನಿಸಿತು. ಆದರೂ ಆ ಪ್ರಶ್ನೆಯಲ್ಲಿ ಹುರುಳಿತ್ತು. 1765ರಲ್ಲಿ ಆತ ಪರಿಣತರ ಮುಂದೆ ಗಡಿಯಾರವನ್ನು ಬಿಚ್ಚಿ ಒಂದೊಂದೇ ಭಾಗವನ್ನು ವಿವರಿಸಬೇಕಾಯಿತು. ಕೈಗೆ ಬಂದಷ್ಟು ಸಲೀಸಾಗಿ ಆತನಿಗೆ ಮಾತು ಬರುತ್ತಿರಲಿಲ್ಲ. ಆತನ ಬರವಣಿಗೆ ಸಿಕ್ಕುಸಿಕ್ಕಾಗಿ ಓದಲು ಕಷ್ಟ. ತನಗೆ ಗೊತ್ತಿದ್ದನ್ನು ಇನ್ನೊಬ್ಬರಿಗೆ ಮುಟ್ಟಿಸುವುದು ಆತನಿಗೆ ಗಡಿಯಾರ ಮಾಡುವುದಕ್ಕಿಂತ ಕಷ್ಟವಾಯಿತು. ಅರ್ಧ ಬಹುಮಾನ, 10,000 ಪೌಂಡ್, ಅದರ ನಂತರ ಸಿಕ್ಕಿತು.

ಲಾರ್ಕಮ್ ಕೆಂಡಾಲ್ ಎಂಬ ಗಡಿಯಾರ ತಯಾರಕ ಎಚ್-4ರ ಪ್ರತಿಯನ್ನು 1769ರಲ್ಲಿ ಮಾಡಿ ಮುಗಿಸಿದ. ಕ್ಯಾಪ್ಟನ್ ಜೇಮ್ಸ್ ಕುಕ್ ತನ್ನ ಎರಡನೆಯ ಮಹಾಯಾನದಲ್ಲಿ, 1772ರಿಂದ 1775ರವರೆಗೆ, ಕಡುಬಿಸಿಲಿನಲ್ಲೂ ಹಿಮದಲ್ಲೂ ಆ ಪ್ರತಿಯನ್ನೇ ನಂಬಿ ನಡೆದ, ಮರಳಿ ಬಂದು ಅದನ್ನು ಹೊಗಳಿದ. ಇತ್ತ ಹ್ಯಾರಿಸನ್ ಎಂಬತ್ತರ ಹೊಸ್ತಿಲಲ್ಲಿ ಐದನೆಯ ಗಡಿಯಾರ ಮಾಡಿದ್ದ. ದೊರೆ ಮೂರನೆಯ ಜಾರ್ಜ್ ಅದನ್ನು ತನ್ನ ಸ್ವಂತ ವೀಕ್ಷಣಾಲಯದಲ್ಲೇ ಪರೀಕ್ಷಿಸಿ ಹ್ಯಾರಿಸನ್ ಪರ ನಿಂತ. 1773ರಲ್ಲಿ ಪಾರ್ಲಿಮೆಂಟ್ ಇನ್ನೂ 8,750 ಪೌಂಡ್ ಕೊಟ್ಟಿತು. 1776ರ ಮಾರ್ಚ್ 24ರಂದು ಹ್ಯಾರಿಸನ್ ಲಂಡನ್ನಿನಲ್ಲಿ ತೀರಿಕೊಂಡ. ಮುಂದಿನ ಪೀಳಿಗೆಯ ಜಾನ್ ಆರ್ನಾಲ್ಡ್, ಥಾಮಸ್ ಅರ್ನ್‌ಶಾ ಮುಂತಾದವರು ಕಡಲ ಗಡಿಯಾರವನ್ನು ಸರಳಗೊಳಿಸಿ, ಅಗ್ಗವಾಗಿಸಿ, ಹಡಗು ಹಡಗಿಗೂ ತಲುಪಿಸಿದರು.

ಈ ಬದುಕನ್ನು ಓದುವಾಗ ನಮ್ಮ ವಾರಾಂತ್ಯದ ತರಗತಿ ನೆನಪಾಗದೆ ಇರುವುದಿಲ್ಲ. ವಾರಕ್ಕೆರಡು ಗಂಟೆಯ ಪಾಠದಿಂದ ಮಗು ಯಾವಾಗ ಸರಾಗವಾಗಿ ಕನ್ನಡ ಮಾತಾಡೀತು ಎಂದು ಪೋಷಕರು ಕೇಳುತ್ತೇವೆ. ಬೇಗ ಉತ್ತರ ಬೇಕು ನಮಗೆ. ಮಗು ಹಾಲು ಎನ್ನಲು ಆಲು ಎಂದರೆ ಅಲ್ಲೇ ತಿದ್ದುತ್ತೇವೆ, ವಾಕ್ಯದ ನಡುವೆ ತಡವರಿಸಿದರೆ ನಾವೇ ಪದ ಕೊಟ್ಟು ಮುಗಿಸಿಬಿಡುತ್ತೇವೆ. ಆದರೆ ಕೆಲವೊಮ್ಮೆ ಮಗು ತಾನೇ ನಿಂತು, ಹೇಳಿದ್ದನ್ನು ಒಂದು ಕ್ಷಣ ಕೇಳಿಸಿಕೊಂಡು, ತಾನೇ ಸರಿ ಮಾಡಿಕೊಳ್ಳುತ್ತದೆ. ಅದು ಹ್ಯಾರಿಸನ್ ಕಿಟಕಿಯ ಬಳಿ ನಿಂತು ಮಾಡುತ್ತಿದ್ದ ಕೆಲಸವೇ. ಆ ಒಂದು ಕ್ಷಣವನ್ನು ಮಗುವಿಗೆ ಬಿಟ್ಟುಕೊಡಲು ಮನೆಯಲ್ಲೂ ತರಗತಿಯಲ್ಲೂ ನಮಗೆ ತಾಳ್ಮೆ ಬೇಕು.

ಹ್ಯಾರಿಸನ್‌ನ ಕಡಲ ಗಡಿಯಾರಗಳು ಗ್ರೀನಿಚ್‌ನ ಸಂಗ್ರಹದಲ್ಲಿವೆ. ಮಕ್ಕಳೊಂದಿಗೆ ನೋಡುವ ಅವಕಾಶ ಸಿಕ್ಕಿದರೆ, ಯಾವುದು ಗೆದ್ದಿತು ಗೊತ್ತೇ ಎಂದು ಮೊದಲು ಅವರನ್ನೇ ಕೇಳಿ. ಹಿತ್ತಾಳೆಯ ಚೆಂಡುಗಳು ಆಡುವ ದೊಡ್ಡ ಯಂತ್ರಗಳ ಕಡೆ ಬೆರಳು ತೋರಿಸಿಯಾರು. ಆಮೇಲೆ ಆ ಪುಟ್ಟ ಗಡಿಯಾರ ತೋರಿಸಿ, ಅದರ ಪಕ್ಕದ ಮೂರೂ ಯಾಕೆ ಬೇಕಾದವು ಎಂಬ ಕತೆಯನ್ನು ಹೇಳಿ, ಕನ್ನಡದಲ್ಲಿ.