ರಾಜನ ಗೆಳೆತನ ಮತ್ತು ದೇವರ ಸೇವೆ: ಸಂತ ಥಾಮಸ್ ಬೆಕೆಟ್

ಕ್ರಿಸ್ಮಸ್ ಸಂಭ್ರಮದ ನಡುವೆಯೇ, ಡಿಸೆಂಬರ್ 29ರಂದು ಧರ್ಮಸಭೆಯು ರಕ್ತಸಾಕ್ಷಿ ಸಂತ ಥಾಮಸ್ ಬೆಕೆಟ್‌ರವರನ್ನು ಸ್ಮರಿಸುತ್ತದೆ. ಆಳುವವರ ಸ್ನೇಹವು ಧರ್ಮಸಭೆಯ ನಾಯಕರನ್ನು ಎಲ್ಲಿಗೆ ಕೊಂಡೊಯ್ಯಬಲ್ಲದು ಎಂಬುದಕ್ಕೆ ಇವರ ಜೀವನವೇ ಕನ್ನಡಿ.

ಸುಮಾರು 1120ರಲ್ಲಿ ಲಂಡನ್ನಿನ ವ್ಯಾಪಾರಿ ಕುಟುಂಬವೊಂದರಲ್ಲಿ ಜನಿಸಿದ ಥಾಮಸ್, ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷ ಥಿಯೋಬಾಲ್ಡ್‌ರವರ ಸೇವೆಗೆ ಸೇರಿದರು. 1155ರಲ್ಲಿ ರಾಜ ಎರಡನೇ ಹೆನ್ರಿಯ ಚಾನ್ಸಲರ್ ಆದರು. ಬೇಟೆಯಲ್ಲಿ, ಊಟದಲ್ಲಿ, ಆಡಳಿತದಲ್ಲಿ ಇಬ್ಬರೂ ಜೊತೆ. 1159ರ ತುಲೂಸ್ ಯುದ್ಧಕ್ಕಾಗಿ ಚರ್ಚುಗಳಿಂದಲೇ ಭಾರೀ ಹಣ ವಸೂಲಿ ಮಾಡಿದರು. ಸ್ನೇಹಕ್ಕೆ ತೆತ್ತ ಮೊದಲ ಬೆಲೆ ಅದು.

ಥಿಯೋಬಾಲ್ಡ್ ತೀರಿಕೊಂಡಾಗ, ತನ್ನ ಗೆಳೆಯನೇ ಆ ಪೀಠದಲ್ಲಿದ್ದರೆ ಧರ್ಮಸಭೆ ತನ್ನ ಹಿಡಿತಕ್ಕೆ ಬರುತ್ತದೆಂದು ರಾಜ ಎಣಿಸಿದ. 1162ರ ಜೂನ್ 2ರಂದು ಥಾಮಸರಿಗೆ ಗುರುದೀಕ್ಷೆ, ಮರುದಿನವೇ ಧರ್ಮಾಧ್ಯಕ್ಷ ದೀಕ್ಷೆ ಆಯಿತು. ಆದರೆ ಅವರು ಚಾನ್ಸಲರ್ ಹುದ್ದೆಯನ್ನು ಬಿಟ್ಟುಕೊಟ್ಟರು. ರಾಜ ಸಿಟ್ಟಾದ.

1164ರ ಜನವರಿಯಲ್ಲಿ ಕ್ಲಾರೆಂಡನ್‌ನಲ್ಲಿ ರಾಜ 16 ಕಲಮುಗಳನ್ನು ಮುಂದಿಟ್ಟ. ತಪ್ಪು ಮಾಡಿದ ಗುರುಗಳಿಗೆ ತಕ್ಕ ಶಿಕ್ಷೆಯಾಗುತ್ತಿಲ್ಲ ಎಂಬ ಅವನ ದೂರಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಆದರೆ ರಾಜನ ಒಪ್ಪಿಗೆಯಿಲ್ಲದೆ ರೋಮಿಗೆ ಮೇಲ್ಮನವಿ ಹೋಗಕೂಡದು, ಖಾಲಿ ಪೀಠಗಳ ಆದಾಯ ರಾಜನಿಗೆ ಸೇರಬೇಕು ಎಂಬ ಕಲಮುಗಳೂ ಅದರಲ್ಲಿದ್ದವು. ಒತ್ತಡಕ್ಕೆ ಮಣಿದ ಥಾಮಸ್ ಬಾಯಿಮಾತಿನ ಒಪ್ಪಿಗೆ ಕೊಟ್ಟರು. ಇತರ ಧರ್ಮಾಧ್ಯಕ್ಷರೂ ಹಿಂಬಾಲಿಸಿದರು. ಬಳಿಕ ಮನಸ್ಸಾಕ್ಷಿ ಚುಚ್ಚಿತು. ಮುದ್ರೆ ಒತ್ತಲು ನಿರಾಕರಿಸಿ, ಪೋಪ್ ಮೂರನೇ ಅಲೆಕ್ಸಾಂಡರ್‌ರವರ ಕ್ಷಮೆ ಕೋರಿ, ಬಲಿಪೂಜೆ ಅರ್ಪಿಸುವುದನ್ನೇ ನಿಲ್ಲಿಸಿದರು. ನಾಯಕನೊಬ್ಬ ತನ್ನ ತಪ್ಪನ್ನು ಹೀಗೆ ಒಪ್ಪಿಕೊಳ್ಳುವುದು ಅಪರೂಪ.

ಫ್ರಾನ್ಸಿನಲ್ಲಿ ಆರು ವರ್ಷ ದೇಶಭ್ರಷ್ಟರಾಗಿದ್ದು 1170ರ ಡಿಸೆಂಬರ್‌ನಲ್ಲಿ ಮರಳಿದರು. ತಿಂಗಳು ತುಂಬುವ ಮೊದಲೇ ರಾಜನ ನಾಲ್ವರು ಸರದಾರರು ಕ್ಯಾಂಟರ್ಬರಿ ಪ್ರಧಾನಾಲಯದೊಳಗೇ ಅವರನ್ನು ಕಡಿದು ಕೊಂದರು. 1173ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು. 1174ರಲ್ಲಿ ಹೆನ್ರಿ ಬರಿಗಾಲಿನಲ್ಲಿ ಅವರ ಸಮಾಧಿಗೆ ಬಂದು ಪ್ರಾಯಶ್ಚಿತ್ತ ಮಾಡಿಕೊಂಡ.

ಅಧಿಕಾರಿಗಳೊಡನೆ ಮಾತುಕತೆ, ಸಹಕಾರ ನಮಗೂ ಬೇಕು. ಆದರೆ ಪಡೆದ ಉಪಕಾರಕ್ಕೆ ಒಂದಲ್ಲ ಒಂದು ದಿನ ಬೆಲೆ ಕೇಳುವವರಿರುತ್ತಾರೆ. ಆ ದಿನ ಇಲ್ಲ ಎನ್ನುವ ಸ್ವಾತಂತ್ರ್ಯವನ್ನು ಉಳಿಸಿಕೊಂಡಿದ್ದೇವೆಯೇ? ಗುರುಗಳು, ಪಾಲನಾ ಮಂಡಳಿಯವರು, ಸಂಘಗಳ ಮುಖಂಡರು ಎಲ್ಲರೂ ತಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆಯಿದು.